ಡೇ ಕೇರ್‌ಗೆ ಬರೋರೇ ಡೇ ಕೇರ್‌ನ ಮೌಲ್ಯಮಾಪನ ಮಾಡೋದು ಹೇಗೆ? ಅನುಭವ ಇರೋರು ಹೇಳಿ

ಹೇಮಾವತಿ_ತೀರ

ಎಲ್ರಿಗೂ ನಮಸ್ಕಾರ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ಕಾಯಿಲೆ ಇರೋರು ದಿನನಿತ್ಯದ ಕೆಲಸ ಮತ್ತೆ ಮಾಡೋ ಹಾಗೆ ಸಹಾಯ ಮಾಡೋಳು, ಒಂದು ಜಿಲ್ಲಾ ಕೇಂದ್ರದ ಡೇ ಕೇರ್‌ನಲ್ಲಿ ಕೆಲಸ. ಸ್ಕಿಜೋಫ್ರೇನಿಯಾ, ಬೈಪೋಲಾರ್, ವರ್ಷಗಟ್ಟಲೆ ಖಿನ್ನತೆ ಇರೋರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗ್ತಾರೆ. ಯೋಗ, ಪೇಪರ್ ಕವರ್, ಮೇಣದಬತ್ತಿ, ಟೈಲರಿಂಗ್, ಮಧ್ಯಾಹ್ನ ಊಟ, ಆಮೇಲೆ ಗ್ರೂಪ್ ಸೆಷನ್.

ವರ್ಷಕ್ಕೊಂದ್ಸಲ ನಮ್ಮಲ್ಲಿಗೆ ಇನ್‌ಸ್ಪೆಕ್ಷನ್ ಬರುತ್ತೆ. ಹಾಜರಿ ಪುಸ್ತಕ ನೋಡ್ತಾರೆ, ಎಷ್ಟು ಕವರ್ ಆಯ್ತು, ಎಷ್ಟು ಜನಕ್ಕೆ ಕೆಲಸ ಕೊಡ್ಸಿದ್ರಿ, ಟಾಯ್ಲೆಟ್ ಕ್ಲೀನ್ ಇದ್ಯಾ, ವೋಚರ್ ಸರಿ ಇದ್ಯಾ, ಇಷ್ಟೇ. ಅಲ್ಲೇ ಹಾಲ್‌ನಲ್ಲಿ ಕೂತು ಕೆಲಸ ಮಾಡ್ತಿರೋರನ್ನ "ಊಟ ಆಯ್ತಾ" ಅಂತ ಕೇಳಿ ಮುಂದೆ ಹೋಗ್ತಾರೆ. ಈ ಸೆಂಟರ್ ಯಾರಿಗೋಸ್ಕರ ಇದ್ಯೋ ಅವ್ರ ಬಾಯಿಂದ ಬಂದ ಒಂದು ಸಾಲೂ ರಿಪೋರ್ಟ್‌ನಲ್ಲಿ ಇರಲ್ಲ.

ಫೀಡ್‌ಬ್ಯಾಕ್ ಫಾರ್ಮ್ ಇಲ್ಲ ಅಂತಲ್ಲ, ಇದೆ. ನಾವೇ ಕೊಡ್ತೀವಿ, ನಾವೇ ಪಕ್ಕದಲ್ಲಿ ನಿಂತಿರ್ತೀವಿ, ಓದೋಕೆ ಬರದೇ ಇರೋರಿಗೆ ನಾವೇ ಓದಿ ಹೇಳಿ ನಾವೇ ಟಿಕ್ ಹಾಕ್ತೀವಿ. ಎಲ್ರದ್ದೂ "ತುಂಬಾ ಚೆನ್ನಾಗಿದೆ". ಅದೇ ಸೆಂಟರ್‌ನಿಂದ ಹೇಳದೆ ಕೇಳದೆ ಬರೋದು ಬಿಟ್ಟೋರು ಎಷ್ಟೋ ಜನ ಇದಾರೆ, ಚೆನ್ನಾಗಿದ್ರೆ ಅವ್ರು ಯಾಕೆ ಬಿಟ್ರು?

ಈ ಸಲದ ವಾರ್ಷಿಕ ಪರಿಶೀಲನೇಲಿ ಬರೋರನ್ನೇ ಸೇರಿಸ್ಕೊಂಡು ಮಾಡ್ಬೇಕು ಅಂತ ಮ್ಯಾನೇಜ್‌ಮೆಂಟ್ ಹತ್ರ ಕೇಳಿದೀನಿ, ಅವ್ರೂ ಒಪ್ಪೋ ಹಾಗಿದಾರೆ. ಯಾರು ಕೇಳ್ಬೇಕು, ಏನ್ ಕೇಳ್ಬೇಕು, ಬಂದ ಉತ್ತರ ಏನ್ ಮಾಡ್ಬೇಕು? ಡಾಕ್ಟ್ರು, ಮನೆಯವರು, ಮುಖ್ಯವಾಗಿ ಇಂಥ ಜಾಗಕ್ಕೆ ಹೋಗಿ ಬಂದೋರು ದಯವಿಟ್ಟು ಬರೀರಿ.

ಬೆಳಗಿನ_ಬಸ್

ಮೇಡಂ, ನಾನು ಹೋಗಿ ಬಂದೋನು, ಅದಕ್ಕೇ ಬರೀತಿದೀನಿ. ಡಯಾಗ್ನೋಸಿಸ್ ಸ್ಕಿಜೋಫ್ರೇನಿಯಾ, ಈಗ ಒಂದು ಹಾರ್ಡ್‌ವೇರ್ ಅಂಗಡೀಲಿ ಲೆಕ್ಕ ಬರೀತೀನಿ, ಮಾತ್ರೆ ನಡೀತಿದೆ.

ಆ ಟಿಕ್ ಯಾಕೆ ಹಾಗೆ ಬೀಳುತ್ತೆ ಅಂತ ಹೇಳ್ತೀನಿ. ಫಾರ್ಮ್ ಕೊಡೋ ಸಿಸ್ಟರ್ ಬೆಳಿಗ್ಗೆ ನಂಗೆ ತಿಂಡಿ ಬಡಿಸಿರ್ತಾರೆ, ಮುಂದಿನ ತಿಂಗಳು ಮಾತ್ರೆ ಚೀಟಿ ಅದೇ ಡಾಕ್ಟ್ರು ಬರೀಬೇಕು, ಡಿಸೆಬಿಲಿಟಿ ಸರ್ಟಿಫಿಕೇಟ್‌ಗೆ ಅವ್ರೇ ರಿಪೋರ್ಟ್ ಕೊಡ್ಬೇಕು, ಪಕ್ಕದಲ್ಲಿ ನಮ್ಮಣ್ಣ ಕೂತಿರ್ತಾನೆ, ನಾನು "ಚೆನ್ನಾಗಿಲ್ಲ" ಅಂತ ಹಾಕಿದ್ರೆ ಮನೇಲಿ "ಯಾಕೋ ಮತ್ತೆ ಶುರುವಾಯ್ತಾ, ಮಾತ್ರೆ ತಗೊಂಡ್ಯಾ" ಅಂತಾರೆ. ನಮ್ ಬಾಯಿಂದ ಬರೋ ದೂರನ್ನ ಮೊದ್ಲು ಕಾಯಿಲೆ ಲೆಕ್ಕಕ್ಕೆ ಹಾಕ್ತಾರೆ, ಆಮೇಲೆ ಬೇಕಾದ್ರೆ ದೂರಿನ ಲೆಕ್ಕಕ್ಕೆ. ಹಂಗಿದ್ದಾಗ ಯಾರ್ ತಾನೇ ನಿಜ ಬರೀತಾರೆ ಹೇಳಿ.

ಇನ್ನು ಫಾರ್ಮ್‌ನಲ್ಲಿರೋ ಪ್ರಶ್ನೆ. ಕುಡಿಯೋ ನೀರು ಹೇಗಿದೆ, ಸಿಬ್ಬಂದಿ ಗೌರವದಿಂದ ಮಾತಾಡ್ತಾರಾ, ಸ್ವಚ್ಛತೆ ಹೇಗಿದೆ. ಬೇಡ ಅನ್ನಲ್ಲ, ಕೇಳ್ಲಿ. ಆದ್ರೆ ನಾನು ಬಿ.ಕಾಂ. ಮಾಡಿ ಕಾಯಿಲೆಗೆ ಮುಂಚೆ ಅಕೌಂಟ್ಸ್ ನೋಡ್ತಿದ್ದೋನು, ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಕವರ್ ಅಂಟಿಸ್ತಿದ್ದೆ. ಒಂದು ಹಳೇ ಕಂಪ್ಯೂಟರ್ ಆಫೀಸ್‌ನಲ್ಲಿತ್ತು, ಅದ್ರಲ್ಲಿ ಟ್ಯಾಲಿ ಮತ್ತೆ ಕಲಿಯೋಕೆ ಬಿಡಿ ಅಂತ ಕೇಳ್ಬೇಕು ಅನ್ಸ್ತಿತ್ತು, ಕೇಳೋಕೆ ಜಾಗ ಇರ್ಲಿಲ್ಲ. "ಈ ಕೆಲಸ ನಿಮಗೆ ಇಷ್ಟಾನಾ, ಇದು ಬಿಟ್ಟು ಬೇರೆ ಏನ್ ಮಾಡೋಕೆ ಆಸೆ" ಅನ್ನೋ ಪ್ರಶ್ನೆ ಯಾವ ಫಾರ್ಮ್‌ನಲ್ಲೂ ನೋಡಿಲ್ಲ ನಾನು. ರಾತ್ರಿ ಮಾತ್ರೆಯ ಮಂಪರು ಬೆಳಿಗ್ಗೆ ಹತ್ತೂವರೆವರೆಗೂ ಇಳಿಯಲ್ಲ, ಒಂಬತ್ತಕ್ಕೆ ಹಾಜರಿ, ಲೇಟಾದ್ರೆ "ಮೋಟಿವೇಶನ್ ಕಡಿಮೆ" ಅಂತ ಫೈಲ್‌ನಲ್ಲಿ ಬರೀತಾರೆ. ಇದನ್ನ ನಾವು ಹೇಳ್ಬೇಕು, ನಾವು ಮಾತ್ರ ಹೇಳೋಕೆ ಆಗೋದು.

ಲೀಡ್ಸ್‌ನಿಂದ_ಕನ್ನಡ

@ಬೆಳಗಿನ_ಬಸ್ ನೀವು ಬರೆದಿದ್ದಕ್ಕೆ ಸರಿಯಾಗಿ ಸಂಶೋಧನೆಯ ಆಧಾರವೂ ಇದೆ ಸರ್. ನಾನು ಇಲ್ಲಿ ಇಂಗ್ಲೆಂಡ್‌ನಲ್ಲಿ ಮೆಂಟಲ್ ಹೆಲ್ತ್ ನರ್ಸ್, ಊರು ಶಿವಮೊಗ್ಗ ಕಡೆ.

1990ರ ದಶಕದಲ್ಲಿ ಲಂಡನ್ನಿನ ಸೇನ್ಸ್‌ಬರಿ ಸೆಂಟರ್ ಫಾರ್ ಮೆಂಟಲ್ ಹೆಲ್ತ್‌ನಲ್ಲಿ ಯೂಸರ್ ಫೋಕಸ್ಡ್ ಮಾನಿಟರಿಂಗ್ ಅಂತ ಒಂದು ಪದ್ಧತಿ ಶುರು ಮಾಡಿದ್ರು. ಡಯಾನಾ ರೋಸ್ ಅನ್ನೋರು ನಡೆಸಿದ್ದು, ಅವ್ರು ಸ್ವತಃ ಮಾನಸಿಕ ಆರೋಗ್ಯ ಸೇವೆ ಬಳಸಿದೋರು. ಸೇವೆ ಪಡೆಯೋರೇ ಕೂತು ಪ್ರಶ್ನೆ ತಯಾರಿಸಿದ್ರು, ಸಂದರ್ಶನ ಮಾಡೋದಕ್ಕೆ ಅವ್ರಿಗೇ ತರಬೇತಿ, ಅವ್ರೇ ಹೋಗಿ ಬೇರೆ ಬಳಕೆದಾರರನ್ನ ಮಾತಾಡಿಸಿ ಬಂದ್ರು. 2001ರಲ್ಲಿ ಕಿಂಗ್ಸ್ ಕಾಲೇಜ್‌ನಲ್ಲಿ ಇದೇ ತತ್ವದ ಮೇಲೆ ಒಂದು ಸಂಶೋಧನಾ ಘಟಕವೇ ಶುರುವಾಯ್ತು.

2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಸಿಂಪ್ಸನ್ ಮತ್ತೆ ಹೌಸ್ ಅನ್ನೋರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ರು. ಕೇಳೋರು ಸ್ವತಃ ಬಳಕೆದಾರರೇ ಆಗಿದ್ದಾಗ ಜನ ಸೇವೆ ಬಗ್ಗೆ ಕಡಿಮೆ ತೃಪ್ತಿ ಹೇಳಿದ್ರು ಅಂತ ಬಂತು. ಸೇವೆ ಅದೇ, ಕೇಳಿದೋರು ಬೇರೆ ಅಷ್ಟೇ. ಬಳಕೆದಾರರನ್ನ ಸಿಬ್ಬಂದಿಯಾಗೋ ತರಬೇತುದಾರರಾಗೋ ಸಂಶೋಧಕರಾಗೋ ಸೇರಿಸಿಕೊಂಡಿದ್ರಿಂದ ಸೇವೆಗೆ ಕೆಟ್ಟದಾಗಿದ್ದು ಕಾಣ್ಲಿಲ್ಲ ಅಂತಲೂ ಅದ್ರಲ್ಲೇ ಇದೆ.

ಮರುವರ್ಷ, 2003ರಲ್ಲಿ, ಡಯಾನಾ ರೋಸ್ ಮತ್ತು ಜೊತೆಯವರು ಅದೇ ಜರ್ನಲ್‌ನಲ್ಲಿ ಇಸಿಟಿ, ನಮ್ಮ ಕಡೆ ಕರೆಂಟ್ ಟ್ರೀಟ್‌ಮೆಂಟ್ ಅಂತಾರಲ್ಲ, ಅದನ್ನ ತಗೊಂಡೋರ ಅಭಿಪ್ರಾಯದ ಬಗ್ಗೆ ಬರೆದ್ರು. ಡಾಕ್ಟರುಗಳು ಮಾಡಿದ 26 ಅಧ್ಯಯನ, ರೋಗಿಗಳು ಮಾಡಿದ ಅಥವಾ ಅವ್ರು ಜೊತೆಗಿದ್ದು ಮಾಡಿದ 9 ವರದಿ. ಚಿಕಿತ್ಸೆ ಮುಗಿದ ಕೂಡ್ಲೇ ಆಸ್ಪತ್ರೆಯಲ್ಲೇ ಚಿಕಿತ್ಸೆ ಕೊಟ್ಟ ಡಾಕ್ಟ್ರೇ ನಾಲ್ಕು ಪ್ರಶ್ನೆ ಕೇಳಿದ್ರೆ ಉಪಯೋಗ ಆಯ್ತು ಅನ್ನೋರು ಜಾಸ್ತಿ, ಸ್ವಲ್ಪ ಕಾಲ ಬಿಟ್ಟು ಬೇರೆಯವರು ವಿವರವಾಗಿ ಕೇಳಿದ್ರೆ ಕಡಿಮೆ. ಕನಿಷ್ಠ ಮೂರ್ನೇ ಒಂದು ಭಾಗ ಜನ ನೆನಪು ಹೋಗಿದ್ದು ವಾಪಸ್ ಬಂದಿಲ್ಲ ಅಂತ ಹೇಳಿದ್ರು. ಇಸಿಟಿ ಕೆಟ್ಟದ್ದು ಅಂತ ಹೇಳೋಕೆ ಇದನ್ನ ಬರೀತಿಲ್ಲ, ಜೀವ ಉಳಿದೋರನ್ನ ನಾನೇ ನೋಡಿದೀನಿ. ಯಾರು, ಎಲ್ಲಿ, ಯಾವಾಗ ಕೇಳ್ತಾರೆ ಅನ್ನೋದ್ರ ಮೇಲೆ ಉತ್ತರವೇ ಬದಲಾಗುತ್ತೆ ಅಂತ ಹೇಳೋಕೆ ಬರೆದೆ.

ಪಿಜಿ_ರೂಮ್

ನಾನು ಸೈಕಿಯಾಟ್ರಿ ಪಿಜಿ, ಅಂದ್ರೆ ಮನೋವೈದ್ಯಕೀಯದಲ್ಲಿ ಸ್ನಾತಕೋತ್ತರ ಓದ್ತಿರೋ ಡಾಕ್ಟರ್. ಉದ್ದೇಶಕ್ಕೆ ನನ್ನ ವಿರೋಧ ಇಲ್ಲ, ಆದ್ರೆ ಎರಡು ಕಷ್ಟ ಹೇಳ್ಬೇಕು. ತೀವ್ರ ಸ್ಥಿತೀಲಿ ಮನೆಯವರು ಕರ್ಕೊಂಡು ಬಂದು ಅಡ್ಮಿಟ್ ಮಾಡಿರೋ ರೋಗಿಗೆ "ನಂಗೆ ಕಾಯಿಲೆನೇ ಇಲ್ಲ, ಇವ್ರೆಲ್ಲ ಸೇರಿ ಕೂಡಿ ಹಾಕಿದಾರೆ" ಅಂತ ನಂಬಿಕೆ ಇರುತ್ತೆ, ಅವ್ರನ್ನ ವಾರ್ಡ್ ಹೇಗಿದೆ ಅಂತ ಕೇಳಿದ್ರೆ ಸೊನ್ನೆ ಕೊಡ್ತಾರೆ, ಆ ಸೊನ್ನೆ ಇಟ್ಕೊಂಡು ವಾರ್ಡ್ ಕೆಲಸ ಅಳೆಯೋದು ನ್ಯಾಯನಾ? ಇನ್ನೊಂದು, ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗೆ ಅಂತ ನಡೆಯೋ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ನೋಡಿದೋರಿಗೆ ಗೊತ್ತಿರುತ್ತೆ ಎಷ್ಟು ಜನ ಸಾಲಲ್ಲಿ ನಿಂತಿರ್ತಾರೆ ಅಂತ, ಅಲ್ಲಿ ಇದಕ್ಕೆಲ್ಲ ಟೈಮ್ ಎಲ್ಲಿಂದ ತರೋದು. ಎನ್‌ಜಿಒ ನಡೆಸೋ ಡೇ ಕೇರ್ ಆದ್ರಂತೂ ಕೆಟ್ಟ ರಿಪೋರ್ಟ್ ಬಂದ್ರೆ ಅನುದಾನ ನಿಲ್ಲಿಸ್ತಾರೆ ಅನ್ನೋ ಭಯ, ಕೊನೆಗೆ ಸೆಂಟರ್ ಮುಚ್ಚಿದ್ರೆ ನಷ್ಟ ಅದೇ ಕ್ಲೈಂಟ್‌ಗಳಿಗೇ.

ಬೆಳಗಿನ_ಬಸ್

ಡಾಕ್ಟ್ರೇ, ನಿಮ್ಮ ಮಾತು ಒಪ್ತೀನಿ, ಆ ದಿನ ಕೇಳ್ಬೇಡಿ. ನಾನೂ ಆ ಸ್ಥಿತೀಲಿ ಅಡ್ಮಿಟ್ ಆಗಿದ್ದೋನೇ, ಮೊದಲ ವಾರ ಕೇಳಿದ್ರೆ ಎಲ್ರಿಗೂ ಬೈತಿದ್ದೆ. ಮೂರು ತಿಂಗಳು ಬಿಟ್ಟು ಕೇಳಿ. ಆಗ ನಾನು ಅಡ್ಮಿಟ್ ಮಾಡಿದ್ದು ಸರಿ ಅಂತಲೇ ಹೇಳ್ತೀನಿ, ಆದ್ರೆ ಕಟ್ಟಿ ಹಾಕಿದ್ದಾಗ ಯಾಕೆ ಅಂತ ಒಬ್ರೂ ಹೇಳ್ಲಿಲ್ಲ, ನೀರು ಕೇಳಿದ್ರೆ ಎಷ್ಟೋ ಹೊತ್ತು ಯಾರೂ ಬರ್ಲಿಲ್ಲ ಅಂತಲೂ ಹೇಳ್ತೀನಿ. ಕಾಯಿಲೆ ಜೋರಿದ್ದಾಗ ನಡೆದಿದ್ದು ನಮಗೆ ನೆನಪಿರಲ್ಲ ಅಂತ ತುಂಬಾ ಜನ ಅಂದ್ಕೊಂಡಿದಾರೆ. ನೆನಪಿರುತ್ತೆ ಸರ್.

ಸಾಧನಕೇರಿ_ಮಳೆ

ಧಾರವಾಡದಿಂದ ಬರಿಯಾಕತ್ತೀನ್ರಿ, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಅದೀನಿ. ಕಾಯ್ದೆದಾಗ ಇದಕ್ಕ ಜಾಗ ಐತಿ, ಮಂದಿಗೆ ಗೊತ್ತಿಲ್ಲ ಅಷ್ಟ.

2017ರ ಮಾನಸಿಕ ಆರೋಗ್ಯ ಕಾಯ್ದೆ ನೋಡ್ರಿ. ಒಬ್ರಿಗೆ ಮಾನಸಿಕ ಕಾಯಿಲೆ ಐತಿ ಅಂದಕೂಡ್ಲೇ ಅವ್ರ ಬುದ್ಧಿ ಸ್ಥಿಮಿತದಾಗಿಲ್ಲ ಅಂತ ತಿಳ್ಕೋಬಾರ್ದು, ಅದನ್ನ ಕೋರ್ಟ್ ಹೇಳಬೇಕು ಅಂತ 3ನೇ ಸೆಕ್ಷನ್‌ನಾಗ ಬರದಾರ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಅಂತ ಇರತೈತಲ್ಲ, ಅದರೊಳಗ ಕಾಯಿಲೆ ಇದ್ದವ್ರು ಅಥವಾ ಇದ್ದು ಆರಾಮ ಆದವ್ರ ಪರವಾಗಿ ಇಬ್ರು, ಆರೈಕೆ ಮಾಡೋರ ಪರವಾಗಿ ಇಬ್ರು ಸದಸ್ಯರು ಇರಬೇಕು. ಕಾಯಿಲೆ ಇದ್ದವ್ರ ಹಕ್ಕು, ದೂರು ನೋಡೋ ರಿವ್ಯೂ ಬೋರ್ಡ್‌ನಾಗೂ ಜಡ್ಜ್, ಡಾಕ್ಟರ್ ಇವ್ರ ಜೋಡಿ ಎರಡು ಸೀಟು ಇಂಥವ್ರಿಗೆ, ಇಲ್ಲಾ ಅವ್ರ ಮನಿಯವ್ರಿಗೆ, ಇಲ್ಲಾ ಸಂಘಸಂಸ್ಥೆಯವ್ರಿಗೆ ಅಂತ ಇಟ್ಟಾರ. ಇಲ್ಲೊಂದು ತೊಡಕು ಐತ್ರಿ, "ಇಲ್ಲಾ" (ಅಥವಾ) ಅಂತ ಬರದಾರಲ್ಲ, ಅದಕ್ಕ ಎರಡೂ ಸೀಟು ಸಂಸ್ಥೆಯವ್ರಿಗೆ ಹೋದ್ರೂ ಕಾಯ್ದೆ ಪ್ರಕಾರ ತಪ್ಪಲ್ಲ. ನಾವು ಕೂಗಬೇಕಾದ್ದು ಅದಕ್ಕ.

ಸೇವೆದಾಗ ಕೊರತಿ ಇದ್ರ ದೂರು ಕೊಡೋ ಹಕ್ಕು 28ನೇ ಸೆಕ್ಷನ್, ಮೊದ್ಲ ಅಲ್ಲಿಯ ಮೆಡಿಕಲ್ ಆಫೀಸರ್‌ಗೆ, ಕೇಳಲಿಲ್ಲ ಅಂದ್ರ ಬೋರ್ಡ್‌ಗೆ, ಅಲ್ಲೂ ಆಗಲಿಲ್ಲ ಅಂದ್ರ ಪ್ರಾಧಿಕಾರಕ್ಕ. 67ನೇ ಸೆಕ್ಷನ್ ಪ್ರಕಾರ ನೋಂದಣಿ ಆದ ಸಂಸ್ಥೆಗಳ ಆಡಿಟ್ ಮೂರು ವರ್ಷಕ್ಕೊಮ್ಮೆ ಆಗಬೇಕು, ಆ ತಂಡದಾಗ ಸ್ಥಳೀಯ ಸಮುದಾಯದವ್ರೂ ಇರಬೇಕು. ಒಂದು ಮಾತು ಮಾತ್ರ ನೆನಪಿಡ್ರಿ ಮೇಡಂ, ಈ ಕಾಯ್ದೆದಾಗ "ಸಂಸ್ಥೆ" ಅಂದ್ರ ಮಂದಿ ದಾಖಲಾಗಿ ಉಳ್ಕೊಳ್ಳೋ ಜಾಗ. ಬೆಳಿಗ್ಗೆ ಬಂದು ಸಂಜಿ ಹೋಗೋ ಡೇ ಕೇರ್‌ಗೆ ಈ ಆಡಿಟ್ ಬರೂದಿಲ್ಲ ಅಂತ ವಾದ ಮಾಡೋರು ಇರ್ತಾರ. ಅದಕ್ಕ ನೀವು ಕಾಯ್ದೆ ಒತ್ತಾಯ ಮಾಡಲಿ ಅಂತ ಕಾಯಬ್ಯಾಡ್ರಿ, ನಿಮ್ಮಷ್ಟಕ್ಕ ನೀವ ಶುರು ಮಾಡ್ರಿ.

ಮಾದರಿ ಬೇಕಂದ್ರ ವಿಶ್ವ ಆರೋಗ್ಯ ಸಂಸ್ಥೆಯ ಕ್ವಾಲಿಟಿರೈಟ್ಸ್ ಅಂತ ಒಂದು ಟೂಲ್‌ಕಿಟ್ ಐತಿ, 2012ರಾಗ ಬಂದದ್ದು. ಅದರಾಗ ಪರಿಶೀಲನಾ ತಂಡದೊಳಗ ಸೇವೆ ಪಡೆದವ್ರು, ಮನಿಯವ್ರು ಇರಬೇಕಂತನ ಹೇಳ್ಯಾರ. ಗುಜರಾತದ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳೊಳಗ ಇದನ್ನ ಮಾಡಿ ನೋಡ್ಯಾರ, ಪುಣೆಯ ಇಂಡಿಯನ್ ಲಾ ಸೊಸೈಟಿಯವ್ರು ಅದರಾಗ ಇದ್ರು. ಸಿಬ್ಬಂದಿಯ ಮನೋಭಾವ ಸುಧಾರಿಸ್ತು, ಸೇವೆ ಪಡೆಯೋರ ತೃಪ್ತಿನೂ ಹೆಚ್ಚಾತು ಅಂತ 2019ರಾಗ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ ಒಳಗ ವರದಿ ಬಂದೈತಿ. ಹೊರದೇಶದ ಮಾತು ಅಲ್ರಿ, ನಮ್ಮ ದೇಶದ ಸರ್ಕಾರಿ ಆಸ್ಪತ್ರಿ ಮಾತು.

ಬೆಣ್ಣೆನಗರಿ_ತಾಯಿ

ಎಲ್ಲರ ಮಾತು ಓದಿದೆ. ನಾನು ದಾವಣಗೆರೆಯವಳು, ನನ್ನ ಮಗ ಡೇ ಕೇರ್‌ಗೆ ಹೋಗ್ತಾನೆ, ಅವನಿಗೆ ಈಗ ಮೂವತ್ತರ ಮೇಲೆ.

ನನ್ನನ್ನ ಕೇಳಿದ್ರೆ ಸೆಂಟರ್‌ಗೆ ನೂರಕ್ಕೆ ನೂರು ಕೊಡ್ತೀನಿ, ಯಾಕಂದ್ರೆ ಅವನು ಬೆಳಿಗ್ಗೆ ಹೋಗಿ ಸಂಜೆ ಬರೋವರೆಗೂ ನನಗೆ ಮನೆ ಕೆಲಸ ಮಾಡಿ ಒಂದು ಗಂಟೆ ಕಣ್ಣು ಮುಚ್ಚೋಕೆ ಆಗುತ್ತೆ, ಅವನಪ್ಪ ಹೋದಮೇಲೆ ನಾನೊಬ್ಬಳೇ. ಅವನನ್ನ ಕೇಳಿದ್ರೆ ಬೇರೆನೇ ಹೇಳ್ತಾನೆ. ಅಲ್ಲಿ ಕ್ರಿಕೆಟ್ ಬಗ್ಗೆ ಮಾತಾಡೋರಿಲ್ಲ, ಎಲ್ರನ್ನೂ ಸಣ್ಣ ಮಕ್ಕಳ ಥರ ಚಪ್ಪಾಳೆ ತಟ್ಟಿಸ್ತಾರೆ, ನಂಗೆ ಬೇಜಾರು ಅಂತಾನೆ. ಇಷ್ಟು ದಿನ ಫೋನ್ ಬಂದ್ರೂ ಫಾರ್ಮ್ ಬಂದ್ರೂ ನಾನೇ ಉತ್ತರ ಕೊಡ್ತಿದ್ದೆ, ನಂಬರ್ ನಂದೇ ಕೊಟ್ಟಿರೋದಲ್ವಾ. ನಮ್ಮಿಬ್ಬರದ್ದೂ ನಿಜವೇ. ನಮ್ಮಂಥವರನ್ನ ಕೇಳೋದು ಬಿಡ್ಬೇಡಿ, ನಾವೂ ಸೋತಿದೀವಿ, ಆದ್ರೆ ಬೇರೆ ಬೇರೆ ಕೂರಿಸಿ ಕೇಳಿ. ನಾನು ಎದುರಿಗಿದ್ರೆ ಅವನು ಬಾಯಿ ಬಿಡಲ್ಲ.

ಬೆಳಗಿನ_ಬಸ್

ಅಮ್ಮಾ, ನೀವು ಹಿಂಗೆ ಬರೆದಿದ್ದು ನೋಡಿ ತುಂಬಾ ಸಂತೋಷ ಆಯ್ತು. ನಮ್ಮಮ್ಮನೂ ನಿಮ್ಮ ಥರಾನೇ ಒಬ್ರೇ ಎಲ್ಲಾ ಎಳೀತಿದಾರೆ. ನಿಮ್ಮ ಮಗನಿಗೆ ಹೇಳಿ, ಚಪ್ಪಾಳೆ ವಿಷ್ಯ ಅವನೊಬ್ಬಂದೇ ಅಲ್ಲ.

ಆ ಫೋನ್ ನಂಬರ್ ವಿಷ್ಯ ದಯವಿಟ್ಟು ಎಲ್ರೂ ಗಮನಿಸಿ. ಸರ್ಕಾರದ ಮೇರಾ ಅಸ್ಪತಾಲ್ ಅಂತ 2016ರಿಂದ ಒಂದು ವ್ಯವಸ್ಥೆ ಇದೆ, ಆಸ್ಪತ್ರೆಗೆ ಹೋಗಿ ಬಂದಮೇಲೆ ಮೆಸೇಜು ಇಲ್ಲಾ ಕಾಲ್ ಬರುತ್ತೆ, ಹೇಗಿತ್ತು ಅಂತ ಕೇಳ್ತಾರೆ. ಜ್ವರಕ್ಕೆ ಹೋದೋರಿಗೆ ಸರಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಸ್ವಂತ ಫೋನೇ ಇಲ್ಲ, ಚೀಟೀಲಿ ಅಣ್ಣಂದೋ ಭಾವಂದೋ ನಂಬರ್. ಉತ್ತರ ಅವ್ರದ್ದು, ಹೆಸರು ನಮ್ದು.

ಪಡುಬಿದ್ರಿ_ಗಾಳಿ

ನಾನು ಕೂಡ ಓಟಿ (ಆಕ್ಯುಪೇಷನಲ್ ಥೆರಪಿಸ್ಟ್), ಕರಾವಳಿಯಲ್ಲಿ ಕೆಲಸ ಮಾಡುದು. ಮೇಡಂ, ನೀವು ಸಿಓಪಿಎಂ ಕಾಲೇಜಿನಲ್ಲಿ ಓದಿರ್ತೀರಿ, ಬೇರೆಯವರಿಗೆ ಗೊತ್ತಾಗ್ಲಿ ಅಂತ ಹೇಳ್ತೇನೆ. ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್ ಅಂತ, 1991ರಲ್ಲಿ ಬಂದದ್ದು. ಅದರಲ್ಲಿ ಸಮಸ್ಯೆ ಯಾವುದು ಅಂತ ನಾವು ಹೇಳುದಲ್ಲ, ಎದುರಿಗೆ ಕೂತವರು ಹೇಳುದು. ದಿನನಿತ್ಯದಲ್ಲಿ ಮಾಡ್ಬೇಕು ಅಂತ ಆಸೆ ಉಂಟು ಆದ್ರೆ ಆಗುದಿಲ್ಲ ಅಂತ ಇರುವ ಕೆಲಸಗಳನ್ನು ಅವರು ಹೇಳ್ತಾರೆ, ಯಾವುದು ಎಷ್ಟು ಮುಖ್ಯ ಅಂತ ಒಂದರಿಂದ ಹತ್ತರೊಳಗೆ ಅಂಕ ಕೊಡ್ತಾರೆ, ಅದರಲ್ಲಿ ಐದರವರೆಗೆ ಆರಿಸಿಕೊಂಡು, ಈಗ ನಾನು ಇದನ್ನು ಎಷ್ಟು ಚೆನ್ನಾಗಿ ಮಾಡ್ತೇನೆ, ಅದರ ಬಗ್ಗೆ ನನಗೆ ಎಷ್ಟು ಸಮಾಧಾನ ಉಂಟು ಅಂತ ಮತ್ತೆ ಎರಡು ಅಂಕ. ಕೆಲವು ತಿಂಗಳು ಥೆರಪಿ ಆದಮೇಲೆ ಅದನ್ನೇ ಮತ್ತೆ ಕೇಳುದು. ಎರಡು ಅಂಕ ಏರಿದ್ರೆ ನಿಜವಾದ ಬದಲಾವಣೆ ಅಂತ ಲೆಕ್ಕ.

ಉದಾಹರಣೆಗೆ ಒಬ್ಬ ಹೆಂಗಸು ಅಂತ ಇಟ್ಟುಕೊಳ್ಳಿ. ನಮ್ಮ ಫೈಲಿನಲ್ಲಿ ಗುರಿ "ವೈಯಕ್ತಿಕ ಸ್ವಚ್ಛತೆ, ಟೈಲರಿಂಗ್". ಅವರನ್ನು ಕೇಳಿದ್ರೆ ಹೇಳುದು, ಒಬ್ಬಳೇ ಬಸ್ಸಿನಲ್ಲಿ ಮಾರ್ಕೆಟಿಗೆ ಹೋಗಿ ಮೀನು ತರ್ಬೇಕು, ಚೌಕಾಸಿ ಮಾಡ್ಲಿಕ್ಕೆ ಧೈರ್ಯ ಬರ್ಬೇಕು, ತಂಗಿ ಮಗಳ ಮದುವೆಗೆ ಹೋಗ್ಬೇಕು ಅಂತ. ಟೈಲರಿಂಗ್ ಕಲಿತು ನೂರು ಬ್ಲೌಸ್ ಹೊಲಿದ್ರೂ ಅವರ ಪಟ್ಟಿಯಲ್ಲಿ ಒಂದು ಅಂಕ ಕೂಡ ಏರುದಿಲ್ಲ ಅಲ್ಲವಾ? ನಮ್ಮ ದೇಶದಲ್ಲಿ ಡಿಸೆಬಿಲಿಟಿ ಸರ್ಟಿಫಿಕೇಟಿಗೆ ಬಳಸುವ ಐಡಿಯಾಸ್ ಅಂತ ಸ್ಕೇಲ್ ಉಂಟು, ಅದು ಬೇಕು, ಆದ್ರೆ ಅದರಲ್ಲಿ ಅಂಕ ಹಾಕುದು ನಾವು. ಇದರಲ್ಲಿ ಅವರು. ಸೆಂಟರಿನ ಎಲ್ಲರ ಸಿಓಪಿಎಂ ಅಂಕ ವರ್ಷಕ್ಕೊಮ್ಮೆ ಒಟ್ಟು ಮಾಡಿ ನೋಡಿದ್ರೆ ನಮ್ಮ ಥೆರಪಿ ಯಾರ ಉಪಯೋಗಕ್ಕೆ ಬರ್ತಾ ಉಂಟು ಅಂತ ಸ್ಪಷ್ಟ ಗೊತ್ತಾಗ್ತದೆ.

ಸಂಖ್ಯೆ ಕಷ್ಟ ಆಗುವವರಿಗೆ ಹತ್ತು ಹುಣಸೆ ಬೀಜ ಎದುರಿಗೆ ಇಟ್ಟು "ಎಷ್ಟು ಆಗ್ತದೋ ಅಷ್ಟು ಈಚೆ ಹಾಕಿ" ಅಂತ ಹೇಳಿ ಮಾಡಿಸ್ತೇವೆ, ಚೆನ್ನಾಗಿ ನಡೀತದೆ.

ಹೇಮಾವತಿ_ತೀರ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎರಡು ದಿನದಿಂದ ಇದನ್ನೇ ಓದ್ತಿದೀನಿ. ಇಷ್ಟರಿಂದ ಒಂದು ಕರಡು ಮಾಡ್ಕೊಂಡೆ, ತಪ್ಪು ಕಂಡ್ರೆ ಹೇಳಿ.

ಮೊದಲು ಸೆಂಟರ್‌ಗೆ ಬರೋರು, ಮುಂಚೆ ಬರ್ತಿದ್ದೋರು ಸೇರಿ ನಾಲ್ಕೈದು ಜನರ ಗುಂಪು ಮಾಡಿ ಅವ್ರೇ ಪ್ರಶ್ನೆ ಬರೀಲಿ, ನಾವು ಸ್ಟಾಫ್ ಆ ಕೋಣೇಲಿ ಇರೋದೇ ಬೇಡ. ಕೇಳೋರಿಗೆ ತರಬೇತಿ, ಒಬ್ರು ಹೇಳಿದ್ದು ಇನ್ನೊಬ್ರಿಗೆ ಹೇಳ್ಬಾರ್ದು ಅನ್ನೋದು, ಮಾತಾಡ್ತಾ ಯಾರಾದ್ರೂ ಜೀವ ತೆಗೆದುಕೊಳ್ಳೋ ಮಾತಾಡಿದ್ರೆ ತಕ್ಷಣ ಯಾರಿಗೆ ಹೇಳ್ಬೇಕು ಅನ್ನೋದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಎಲ್ರ ಹತ್ರ ಇರ್ಲಿ. ಮನೆಯವರ ಮಾತು ಬೇರೆ ದಿನ, ಬೇರೆ ಹಾಳೆ. ಜೊತೆಗೆ ಪ್ರತಿಯೊಬ್ರ ಸಿಓಪಿಎಂ.

ನಂಗೆ ಬಗೆಹರೀದೇ ಇರೋದು ಗುಟ್ಟಿನ ವಿಷ್ಯ. ನಮ್ಮದು ಚಿಕ್ಕ ಸೆಂಟರ್. ಹೆಸರು ಬರೀದೇ ಇದ್ರೂ "ಮಧ್ಯಾಹ್ನದ ಸಾರು ತಣ್ಣಗಿರುತ್ತೆ" ಅಂತ ಯಾರು ಬರೆದಿದ್ದು ಅನ್ನೋದು ಅಡುಗೆಯವ್ರಿಗೂ ಗೊತ್ತಾಗುತ್ತೆ.

ಪಿಜಿ_ರೂಮ್

ಅದಲು ಬದಲು ಮಾಡಿ. ಪಕ್ಕದ ಜಿಲ್ಲೆಯ ಡೇ ಕೇರ್‌ನವರು ನಿಮ್ಮಲ್ಲಿಗೆ ಬಂದು ಕೇಳಲಿ, ನಿಮ್ಮೋರು ಅಲ್ಲಿಗೆ ಹೋಗಲಿ. ಕೇಳೋರಿಗೆ ಈ ಊರಿನ ಗೊಡವೆ ಇರಲ್ಲ, ಕಾಯಿಲೆ ಅನುಭವ ಮಾತ್ರ ಇರುತ್ತೆ. ವರದಿ ಬರೆಯುವಾಗ ಯಾರೊಬ್ಬರ ಮಾತನ್ನೂ ಹಾಗೇ ಹಾಕ್ಬೇಡಿ, ಕನಿಷ್ಠ ಮೂರು ಜನ ಹೇಳಿದ್ದನ್ನ ಮಾತ್ರ ಸೇರಿಸಿ ಬರೀರಿ. ಹೊಡೆತ, ಬೈಗುಳ, ಮೈ ಮುಟ್ಟಿದ ವಿಷ್ಯ ಆದ್ರೆ ಮಾತ್ರ ಒಬ್ರೇ ಹೇಳಿದ್ರೂ ಸಾಕು, ಅದನ್ನ ವರದಿಗೆ ಕಾಯದೇ ಆ ದಿನವೇ ಎತ್ಕೋಬೇಕು.

@ಬೆಳಗಿನ_ಬಸ್ ನಿಮ್ಮ "ಮೂರು ತಿಂಗಳು ಬಿಟ್ಟು ಕೇಳಿ" ಅನ್ನೋದನ್ನ ನಮ್ಮ ಯೂನಿಟ್‌ನಲ್ಲಿ ಹೇಳ್ತೀನಿ. ಡಿಸ್ಚಾರ್ಜ್ ಆದೋರು ಹೇಗೂ ಫಾಲೋ ಅಪ್‌ಗೆ ಬರ್ತಾರೆ, ಆಗ ಡಾಕ್ಟರ್ ಅಲ್ಲದೋರು ಒಬ್ರು ಕೂತು ಕೇಳೋಕೆ ದೊಡ್ಡ ಖರ್ಚೇನಿಲ್ಲ.

ಸಾಧನಕೇರಿ_ಮಳೆ

ಡಾಕ್ಟರ್ ಹೇಳಿದ್ದು ಛಲೋ ಐತ್ರಿ. ಬಸ್ ಚಾರ್ಜು, ಊಟ, ಆ ದಿನದ ಕೂಲಿ ಇಷ್ಟು ಕೊಡಲೇಬೇಕು. ಕೇಳಾಕ ಹೋದವ್ರ ದಿನಗೂಲಿ ತಪ್ಪತೈತಿ, "ಸೇವಾ ಮನೋಭಾವದಿಂದ ಮಾಡಲಿ" ಅಂದ್ರ ಆಗೂದಿಲ್ಲ. ಹೊರಗಿಂದ ಬಂದ ಕನ್ಸಲ್ಟಂಟ್‌ಗೆ ಫೀಸ್ ಕೊಡ್ತೀವಿ, ಇವ್ರಿಗೂ ಕೊಡಬೇಕು.

ಬಿಟ್ಟು ಹೋದವ್ರನ್ನ ಹುಡುಕೂದು ಎಲ್ಲಕ್ಕಿಂತ ಮುಖ್ಯ, ಮೇಡಂ ಮೊದಲನೇ ಪೋಸ್ಟ್‌ನಾಗ ಕೇಳಿದ್ದು ಅದನ್ನ. ಆದ್ರ ಆಶಾ ಕಾರ್ಯಕರ್ತೆಯನ್ನ ಮನಿಗೆ ಕಳಿಸಿ "ಮಾನಸಿಕ ಆಸ್ಪತ್ರಿಯಿಂದ ಬಂದೀವಿ" ಅಂದ್ರ ಓಣಿ ಮಂದಿಗೆಲ್ಲ ಗೊತ್ತಾಗತೈತಿ, ಮದಿವಿ ಮಾತುಕತಿ ನಡದ ಮನಿ ಇದ್ರ ಮುಗದ ಹೋತು. ಮೊದ್ಲ ಫೋನ್ ಮಾಡ್ರಿ, ಅವ್ರು ಹೇಳಿದ ಜಾಗಕ್ಕ ಹೋಗ್ರಿ, ಗುಡಿ ಕಟ್ಟಿ ಇರಲಿ ಚಹಾದಂಗಡಿ ಇರಲಿ. ಬರೂದಿಲ್ಲ ಅಂದ್ರ ಬಿಡ್ರಿ, ಹಿಂದ ಬೀಳಬ್ಯಾಡ್ರಿ.

ಲೀಡ್ಸ್‌ನಿಂದ_ಕನ್ನಡ

ಉತ್ತರ ಬಂದಮೇಲೆ ಏನು ಅನ್ನೋದಕ್ಕೆ ಒಂದು ಮಾತು. ಇಲ್ಲಿ ವಾರ್ಡ್ ಗೋಡೆ ಮೇಲೆ ಎರಡು ಸಾಲಿನ ಬೋರ್ಡ್ ಹಾಕಿರ್ತಾರೆ, ಒಂದು ಕಡೆ ನೀವು ಹೇಳಿದ್ದು, ಇನ್ನೊಂದು ಕಡೆ ನಾವು ಮಾಡಿದ್ದು. ಮಾಡೋಕೆ ಆಗ್ಲಿಲ್ಲ ಅಂದ್ರೆ ಯಾಕೆ ಆಗ್ಲಿಲ್ಲ ಅಂತ ಬರೀಬೇಕು. ಚೆನ್ನಾಗಿ ನಡೆಸಿದ ಕಡೆ ಜನ ಮುಂದಿನ ಸಲ ಇನ್ನೂ ಬಿಚ್ಚಿ ಮಾತಾಡ್ತಾರೆ. ಬರೀ ಪೋಸ್ಟರ್ ಆಗಿ ಉಳಿದಿರೋದನ್ನೂ ನೋಡಿದೀನಿ, ಅಂಥ ಕಡೆ ಎರಡನೇ ಸಲ ಯಾರೂ ಫಾರ್ಮ್ ಮುಟ್ಟಲ್ಲ. ಒಂದು ತಿಂಗಳೊಳಗೆ ಒಂದಾದ್ರೂ ಬದಲಾವಣೆ ಕಣ್ಣಿಗೆ ಕಾಣ್ಬೇಕು, ಚಿಕ್ಕದಾದ್ರೂ ಸರಿ. ಹಾಜರಿ ಟೈಮ್ ಹತ್ತೂವರೆಗೆ ಮಾಡೋಕೆ ಯಾವ ಬಜೆಟ್ಟೂ ಬೇಡ ಅಲ್ವಾ.

ಬೆಣ್ಣೆನಗರಿ_ತಾಯಿ

ಮಗನಿಗೆ ಇದನ್ನೆಲ್ಲ ಓದಿ ಹೇಳಿದೆ. "ಪ್ರಶ್ನೆ ಮಾಡೋ ಗುಂಪಿಗೆ ನಮ್ಮೂರಲ್ಲೂ ಸೇರ್ಕೋಬಹುದಾ ಕೇಳು" ಅಂದ. ಅವನಾಗಿ ಒಂದು ವಿಷಯಕ್ಕೆ ಸೇರ್ತೀನಿ ಅಂದಿದ್ದು ತುಂಬಾ ದಿನ ಆದಮೇಲೆ. ನಮ್ಮ ಸೆಂಟರ್‌ನವರಿಗೆ ಹೇಳೋಕೆ ಒಂದು ಪತ್ರ ಹೇಗೆ ಬರೀಬೇಕು ಅಂತ ಯಾರಾದ್ರೂ ತಿಳಿಸ್ತೀರಾ?

ಸಾಧನಕೇರಿ_ಮಳೆ

ಅಕ್ಕಾರ, ಪತ್ರ ನಾನು ಬರದು ಕೊಡ್ತೀನಿ, ಇನ್‌ಬಾಕ್ಸ್‌ನಾಗ ನಿಮ್ಮ ಸೆಂಟರ್ ಯಾವ ಥರದ್ದು ಅಂತ ಅಷ್ಟ ತಿಳಿಸ್ರಿ. ಸರ್ಕಾರಿ ಆಸ್ಪತ್ರಿಗೆ ಸೇರಿದ್ದಾದ್ರ ಆಸ್ಪತ್ರಿ ನೋಡ್ಕೊಳ್ಳೋ ಆರೋಗ್ಯ ರಕ್ಷಾ ಸಮಿತಿ ಸಭೆದಾಗ ಇಡ್ರಿ ಅಂತನೂ ಒಂದು ಸಾಲು ಸೇರಿಸೋಣ. ಸಹಿ ಮಾತ್ರ ನಿಮ್ಮ ಮಗಂದ ಇರಲಿ, ನಿಮ್ಮದು ಅದರ ಕೆಳಗ.

ಬೆಳಗಿನ_ಬಸ್

ಹೇಮಾವತಿ ಮೇಡಂ, ಪ್ರಶ್ನೆ ಹಾಳೆಗೆ ನನ್ನ ಕಡೆಯಿಂದ ಇಷ್ಟು. ನೀವು ಮಾಡೋ ಕೆಲಸ ಆರಿಸಿದ್ದು ನೀವಾ ಅವ್ರಾ? ಬೇಡ ಅನ್ನೋಕೆ ಆಗಿತ್ತಾ? ಮಾತ್ರೆಯ ತೊಂದ್ರೆ ಹೇಳಿದಾಗ ಏನಾಯ್ತು? ನಿಮ್ಮ ಎದುರಿಗೇ ನಿಮ್ಮ ಬಗ್ಗೆ ಬೇರೆಯವರ ಹತ್ರ ಮಾತಾಡ್ತಾರಾ? ಇಲ್ಲಿಗೆ ಬರೋಕೆ ಶುರು ಮಾಡಿದ್ಮೇಲೆ ಇಲ್ಲಿ ಬಿಟ್ಟು ಹೊರಗೆ ಒಬ್ರಾದ್ರೂ ಸ್ನೇಹಿತರು ಆದ್ರಾ? ಈ ಕೊನೇದು ನಂಗೆ ಬಹಳ ಮುಖ್ಯ, ಯಾಕಂದ್ರೆ ಡೇ ಕೇರ್ ಚೆನ್ನಾಗಿದ್ದಷ್ಟೂ ಅದ್ರೊಳಗೇ ಉಳ್ಕೊಂಡು ಬಿಡೋ ಅಪಾಯ ಇದೆ.

ಇನ್ನೊಂದು, ಕವರ್ ಮಾರಿದ ದುಡ್ಡು. ಎಷ್ಟು ಬಂತು, ನಮ್ಗೆ ಎಷ್ಟು ಕೊಟ್ರು, ಉಳಿದಿದ್ದು ಎಲ್ಲಿಗೆ ಹೋಯ್ತು ಅಂತ ಗೊತ್ತಾ ಅನ್ನೋ ಪ್ರಶ್ನೆ ಹಾಕೇ ಹಾಕಿ. 2017ರ ಕಾಯ್ದೆಯ 20ನೇ ಸೆಕ್ಷನ್‌ನಲ್ಲೇ ಇದೆ, ಬಲವಂತವಾಗಿ ಕೆಲಸ ಮಾಡಿಸ್ಬಾರ್ದು, ಮಾಡಿದ ಕೆಲಸಕ್ಕೆ ಸರಿಯಾದ ಸಂಭಾವನೆ ಕೊಡ್ಬೇಕು ಅಂತ. ಡೇ ಕೇರ್‌ಗೆ ಅದು ಅನ್ವಯ ಆಗುತ್ತೋ ಇಲ್ವೋ ಅಂತ ಧಾರವಾಡದ ಸರ್ ಹೇಳಿದ ವಾದ ಯಾರಾದ್ರೂ ಎತ್ತಬಹುದು. ಎತ್ತಿದ್ರೂ ಪ್ರಶ್ನೆ ತೆಗೀಬೇಡಿ.

ಹೇಮಾವತಿ_ತೀರ

ತೆಗಿಯಲ್ಲ. ಮಾರಾಟದ ಲೆಕ್ಕದ ಪುಸ್ತಕ ಆಫೀಸ್ ಬೀರುವಿನಲ್ಲಿದೆ, ಅದನ್ನೇ ಹಾಲ್‌ನಲ್ಲಿ ಇಡೋಕೆ ಸೋಮವಾರ ಮೀಟಿಂಗ್‌ನಲ್ಲಿ ಕೇಳ್ತೀನಿ. ಆ ಲೆಕ್ಕ ಬರೆಯೋ ಕೆಲಸವನ್ನೇ ನಮ್ಮಲ್ಲಿ ಬರೋರಲ್ಲಿ ಆಸೆ ಇರೋರಿಗೆ ಕಲಿಸ್ಬಹುದು ಅಂತಲೂ ನಿಮ್ಮ ಟ್ಯಾಲಿ ಮಾತು ಓದಿದ್ಮೇಲೆ ಅನ್ಸಿತು, ಅದನ್ನೂ ಕೇಳ್ತೀನಿ. ಏನಾಯ್ತು ಅಂತ ಇಲ್ಲೇ ಬರೀತೀನಿ. ಪಕ್ಕದ ಜಿಲ್ಲೆಯ ಡೇ ಕೇರ್‌ನಲ್ಲಿ ಕೆಲಸ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ ಮೆಸೇಜ್ ಮಾಡಿ, ಅದಲು ಬದಲು ಸಂದರ್ಶನದ ಬಗ್ಗೆ ಮಾತಾಡೋಣ, ಬಸ್ ಚಾರ್ಜು ಊಟದ ಖರ್ಚು ನಮ್ಮ ಕಡೆಯಿಂದ ಹೊಂದಿಸೋಕೆ ನೋಡ್ತೀನಿ.